ಮೂರನೇ ಸಾಲಿನಲ್ಲಿ ಕೂತ ನಾಟಕಕಾರ್ತಿ

ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ನಾಟಕ ಕಲಿಸುವ ಕೆಲಸಕ್ಕೆ ಬರುವವರು ಎಲ್ಲಕ್ಕಿಂತ ಮೊದಲು ಚುರಮರಿ ಕಲಸುವುದನ್ನು ಕಲಿಯಬೇಕು. ನಾನು ತಮಾಷೆಗೆ ಹೇಳುತ್ತಿಲ್ಲ. ಮಧ್ಯಾಹ್ನ ಬಿಸಿಯೂಟ ಉಂಡ ಮಗು ಸಂಜೆ ನಿಮ್ಮ ಮುಂದೆ ಬಂದು ನಿಲ್ಲುವ ಹೊತ್ತಿಗೆ ಅದರ ಹೊಟ್ಟೆ ಖಾಲಿಯಾಗಿರುತ್ತದೆ. ಹೊಸದರಲ್ಲಿ ನಾನು ಉಸಿರಾಟದ ವ್ಯಾಯಾಮದಿಂದ ತರಗತಿ ಶುರು ಮಾಡುತ್ತಿದ್ದೆ. ‘ಜೋರಾಗಿ ಉಸಿರು ತಗೋರಿ’ ಅಂದರೆ ಮಕ್ಕಳು ಹೊರಗಿನ ಗಾಡಿಯ ಮಿರ್ಚಿ ಭಜಿಯ ವಾಸನೆಯನ್ನೇ ಎಳೆದುಕೊಂಡು ಇನ್ನಷ್ಟು ಹಸಿಯುತ್ತಿದ್ದರು. ಆಮೇಲೆ ಚುರಮರಿ, ಉಳ್ಳಾಗಡ್ಡಿ, ಒಂದಿಷ್ಟು ಪುಟಾಣಿ ಹಿಟ್ಟು ಕಲಸಿ ಕೊಡತೊಡಗಿದೆ. ಉಸಿರಾಟ ತಾನಾಗಿಯೇ ಸುಧಾರಿಸಿತು.

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಮನೆಗೆ ಬಂದು, ಮಕ್ಕಳ ಹಾಗೆ ‘ಬಾಯಾರ’ ಅನ್ನದೆ, ‘ಮೇಡಂ, ನಿಮ್ಮ ಸಿಲಬಸ್ ಕೊಡ್ರಿ’ ಅಂದಳು. ಇದ್ದಿದ್ದರೆ ಕೊಡುತ್ತಿದ್ದೆ. ಇಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಸಂಯೋಜಕಿಯಾದೆ, ಯಾರು ನನಗೆ ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇರುವುದಿಲ್ಲ. ಸಂಯೋಜಕಿಯಾದ ಮೇಲೂ ಚುರಮರಿ ಕಲಸಿದ್ದು ನಾನೇ.

ನಮ್ಮದು ಚಿಕ್ಕ ಸಂಸ್ಥೆ. ಬೆಳಗಾವಿಯ ಕೋಟೆಯ ಹತ್ತಿರ ಒಂದು ಹಳೆಯ ಸಭಾಗೃಹದಲ್ಲಿ ವಾರಕ್ಕೆ ಮೂರು ಸಂಜೆ ತರಗತಿ ನಡೆಯುತ್ತಿತ್ತು. ಫೌಂಡ್ರಿಯಲ್ಲಿ ದುಡಿಯುವವರ ಮಕ್ಕಳು, ಅಂಗಡಿಕಾರರ ಮಕ್ಕಳು, ಕಚೇರಿಯ ಗುಮಾಸ್ತರ ಮಕ್ಕಳು ಎಲ್ಲರೂ ಬರುತ್ತಿದ್ದರು. ಆಗ ಮಕ್ಕಳ ನಾಟಕ ಎಂದರೆ ರಾಜನ ನಾಟಕ. ದೊಡ್ಡವರು ಬರೆದದ್ದನ್ನು ಮಕ್ಕಳು ಬಾಯಿಪಾಠ ಮಾಡುವುದು, ರಟ್ಟಿನ ಕಿರೀಟ ಇಟ್ಟುಕೊಂಡು ಕೂಗುವುದು, ಅಷ್ಟೇ. ಹೆತ್ತವರಿಗೆ ಹೆಗ್ಗಣ ಮುದ್ದು. ಪ್ರತಿಯೊಬ್ಬ ತಾಯಿಗೂ ತನ್ನ ಮಗನೇ ರಾಜನಾಗಬೇಕು. ಒಂದು ವರ್ಷ ಒಬ್ಬಾಕೆ ನನ್ನನ್ನು ಕೇಳದೆಯೇ ಮಗನಿಗೆ ಜರಿಯ ಅಂಗಿ ಹೊಲಿಸಿ, ಕಿರೀಟವನ್ನೂ ಕೊಂಡು ತಂದುಬಿಟ್ಟರು. ನಾನು ಅವನಿಗೆ ಕೊಟ್ಟಿದ್ದು ಮರದ ಪಾತ್ರ. ಪ್ರದರ್ಶನದ ದಿನ ಹುಡುಗ ಕಿರೀಟ ತೆಗೆಯಲು ಒಪ್ಪಲೇ ಇಲ್ಲ. ಆ ವರ್ಷ ನಮ್ಮ ಕಾಡಿನಲ್ಲಿ ಕಿರೀಟ ಹಾಕಿಕೊಂಡ ಒಂದು ಮರ ಇತ್ತು. ಯಾರೂ ಏನೂ ಕೇಳಲಿಲ್ಲ.

ರಾಜರ ಕಾಲ ಮುಗಿಸಿದವನು ಬಸು ಎಂಬ ಸಿಪಾಯಿ. ಅವನಿಗೆ ಒಂದೂ ಮಾತಿರಲಿಲ್ಲ. ಭರ್ಜಿ ಹಿಡಿದು ಮೊದಲಿಂದ ಕೊನೆಯವರೆಗೆ ಸಿಂಹಾಸನದ ಪಕ್ಕ ನಿಲ್ಲಬೇಕು, ರಾಜ ‘ಯಾರಲ್ಲಿ?’ ಎಂದಾಗ ತಲೆ ಬಾಗಿಸಬೇಕು. ಪ್ರದರ್ಶನದಲ್ಲಿ ರಾಜ ‘ಯಾರಲ್ಲಿ?’ ಎಂದು ಗರ್ಜಿಸಿದ. ಬಸು ತಲೆ ಬಾಗಿಸಲಿಲ್ಲ. ‘ನಾನ ಅದೀನ್ರಿ. ಆಗಿಂದ ಇಲ್ಲೇ ನಿಂತೀನಿ, ಒಬ್ಬರೂ ಮಾತಾಡ್ಸವಲ್ರಿ’ ಅಂದ. ಸಭಾಗೃಹ ನಕ್ಕು ನಕ್ಕು ಬಿದ್ದಿತು. ನಾನೂ ನಕ್ಕೆ. ಮನೆಗೆ ಹೋದ ಮೇಲೆ ನಗು ನಿಂತಿತು. ಇಡೀ ನಾಟಕದಲ್ಲಿ ಜೀವ ಇದ್ದ ಮಾತು ಅದೊಂದೇ, ಅದನ್ನು ಬರೆದವನು ಬಸು.

ಮರುವಾರ ಕಿರೀಟಗಳನ್ನೆಲ್ಲ ಅಟ್ಟಕ್ಕೆ ಹಾಕಿ, ‘ಇನ್ನ ಮ್ಯಾಲ ನಾಟಕ ನೀವ ಬರೀಬೇಕು’ ಅಂದೆ. ಹೇಳುವುದು ಸುಲಭ. ಮೊದಲ ವರ್ಷ ಮಕ್ಕಳು ಬರೆದ ನಾಟಕಗಳಲ್ಲಿ ಕೊನೆಗೆ ಎಲ್ಲರೂ ಸಾಯುತ್ತಿದ್ದರು. ಒಬ್ಬ ಹುಡುಗ ಮನೆಯ ನಾಯಿಯನ್ನೂ ಬಿಟ್ಟಿರಲಿಲ್ಲ. ‘ನಾಯಿ ಏನ ಮಾಡಿತ್ತೋ?’ ಅಂತ ಕೇಳಿದೆ. ‘ಏನೂ ಮಾಡಿಲ್ರಿ ಬಾಯಾರ. ಮುಂದ ಏನ ಬರೀಬೇಕು ತಿಳೀಲಿಲ್ರಿ’ ಅಂದ. ಎಷ್ಟು ಪ್ರಾಮಾಣಿಕ ಉತ್ತರ! ನಿಮ್ಮ ಮಕ್ಕಳೂ ಎಲ್ಲರನ್ನೂ ಕೊಲ್ಲುತ್ತಾರೆ. ಬೈಯಬೇಡಿ. ಸಾಯುವವರು ಸಾಯುವ ಮುಂಚೆ ಏನು ಉಂಡರು, ಯಾರ ಜೊತೆ ಜಗಳ ಮಾಡಿದರು ಅಂತ ಕೇಳುತ್ತಾ ಹೋಗಿ. ಹೇಳುತ್ತಾ ಹೇಳುತ್ತಾ ಅವರಿಗೇ ಅವರನ್ನು ಸಾಯಿಸುವ ಮನಸ್ಸಾಗುವುದಿಲ್ಲ.

ಇನ್ನೊಂದು ತೊಂದರೆ ಬಂತು. ಬರೆದವನೇ ಆಡುತ್ತಿದ್ದರಿಂದ ಎಲ್ಲ ಮಾತುಗಳನ್ನೂ ತಾನೇ ಇಟ್ಟುಕೊಳ್ಳುತ್ತಿದ್ದ. ಉಳಿದವರ ಪಾಲಿಗೆ ಬಾಗಿಲು ತೆರೆಯುವುದು, ನೀರು ಕೊಡುವುದು. ರಾಜ ಹೋದರೂ ರಾಜತನ ಹೋಗಿರಲಿಲ್ಲ. ಅದಕ್ಕೇ ಒಂದು ಪದ್ಧತಿ ಮಾಡಿದೆವು. ಬರೆದವರು ಆ ನಾಟಕದಲ್ಲಿ ಆಡುವಂತಿಲ್ಲ. ಪ್ರದರ್ಶನದ ದಿನ ಮೂರನೇ ಸಾಲಿನಲ್ಲಿ ಕೂತು ನೋಡಬೇಕು. ಮೊದಲ ಸಾಲು ಅತಿಥಿಗಳದು, ಎರಡನೆಯದು ಅತಿಥಿಗಳ ಜೊತೆ ಬಂದವರದು, ನಿಜವಾದ ಪ್ರೇಕ್ಷಕರು ಶುರುವಾಗುವುದೇ ಮೂರನೆಯದರಿಂದ. ಈ ತ್ಯಾಗಕ್ಕೆ ಪ್ರತಿಯಾಗಿ ಬರೆದವರಿಗೆ ಒಂದು ಹಕ್ಕು ಕೊಟ್ಟೆವು. ಅವರು ಬರೆದದ್ದನ್ನು ಯಾರೇ ಬದಲಿಸಬೇಕಿದ್ದರೂ ಅವರನ್ನು ಕೇಳಬೇಕು. ಅದೂ ನಿಂತು ಕೇಳುವಂತಿಲ್ಲ, ಅವರ ಎದುರು ನೆಲದ ಮೇಲೆ ಕೂತು ಕೇಳಬೇಕು. ನಿಂತ ದೊಡ್ಡವರು ಏನು ಕೇಳಿದರೂ ಮಕ್ಕಳು ‘ಹೂಂರಿ’ ಅನ್ನುತ್ತಾರೆ. ಕೂತರೆ ಮಾತ್ರ ಯೋಚನೆ ಮಾಡುತ್ತಾರೆ.

ಈ ಪದ್ಧತಿಯಿಂದ ನನ್ನ ಮಂಡಿ ಹಾಳಾಗಿದೆ. ನಾಟಕಗಳು ಸುಧಾರಿಸಿದವು.

ಈಗ ಖಾನಾಪುರದ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಬರೆದಿದ್ದು ಅಲ್ಲಿಗೆ ಬರಲಿಕ್ಕೇ.

ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಖಾನಾಪುರದಲ್ಲೂ ತರಗತಿ ತೆರೆದೆವು. ಒಂದು ಶಾಲೆಯವರು ಸಾಮಾನು ತುಂಬಿಡುವ ಕೋಣೆಯನ್ನು ಖಾಲಿ ಮಾಡಿ ಕೊಟ್ಟರು. ಮಳೆಗಾಲದಲ್ಲಿ ಅದರ ಒಂದು ಮೂಲೆ ಸೋರುತ್ತಿತ್ತು, ಮಕ್ಕಳು ಆ ಮೂಲೆಯನ್ನು ನಾಟಕದಲ್ಲಿ ಬಾವಿ ಮಾಡಿಕೊಂಡಿದ್ದರು. ಅಲ್ಲಿಯ ಮಕ್ಕಳು ಕನ್ನಡ, ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ಅವರು ಬರೆದ ನಾಟಕಗಳಲ್ಲಿ ಅಪ್ಪ ಕನ್ನಡ ಮಾತಾಡಿದರೆ ಅಜ್ಜಿ ಮರಾಠಿಯಲ್ಲಿ ಬೈಯುತ್ತಿದ್ದಳು. ನಾನು ಒಂದು ಮಾತನ್ನೂ ತಿದ್ದಲಿಲ್ಲ. ಮನೆಯಲ್ಲಿ ಹೇಗಿದೆಯೋ ರಂಗದ ಮೇಲೂ ಹಾಗೇ.

ಸಂಸ್ಥೆಯ ಕಾರ್ಯದರ್ಶಿ ಪಾಯಪ್ಪನವರು. ಬೆಳಗಾವಿ ಪೇಟೆಯಲ್ಲಿ ಅವರದು ಪಾತ್ರೆ ಮಾರುವ ಭಾಂಡೆ ಅಂಗಡಿ. ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕುವವರಲ್ಲ. ಹಾಗಾಗಿ ನಮ್ಮ ಸಭೆಗಳು ಯಾವತ್ತೂ ಸಂಜೆ ಬೇಗ ಮುಗಿಯುತ್ತಿದ್ದವು. ಮೇಲಧಿಕಾರಿಗಳು ಹೀಗಿರಬೇಕು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವರು ನಾಟಕ ಬಲ್ಲವರಲ್ಲ, ಆದರೆ ಮಕ್ಕಳೆಂದರೆ ಪ್ರಾಣ. ಖಾನಾಪುರದ ಕೋಣೆ ಸೋರುವುದನ್ನು ನೋಡಿ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಊರಲ್ಲಿ ಒಂದು ಒಳ್ಳೆಯ ಹಾಲ್ ಖಾಲಿ ಬಿದ್ದಿತ್ತು. ಅದನ್ನು ಸಂಜೆ ಹೊತ್ತು ನಮಗೆ ಬಿಟ್ಟುಕೊಡುವ ಅಧಿಕಾರ ಇದ್ದ ಸಾಹೇಬರೊಬ್ಬರನ್ನು ಆ ವರ್ಷದ ಪ್ರದರ್ಶನಕ್ಕೆ ಮುಖ್ಯ ಅತಿಥಿಯಾಗಿ ಕರೆದರು.

ಆ ವರ್ಷ ಆಯ್ಕೆಯಾದ ನಾಟಕ ಪ್ರಣಾಲಿಯದು. ಆರನೇ ಇಯತ್ತೆಯ ಹುಡುಗಿ, ಎರಡು ಜಡೆ, ಮಾತು ಕಡಿಮೆ, ಹಠ ಜಾಸ್ತಿ. ಅವಳ ತಾಯಿ ಮಂಗಲಾ ಬಸ್ ಸ್ಟ್ಯಾಂಡಿನ ಬಾಜೂಕ್ಕಿದ್ದ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಮನೆಯ ಕೆಲಸ ಮುಗಿಸಿ ಖಾನಾವಳಿ, ಖಾನಾವಳಿ ಮುಗಿಸಿ ಮತ್ತೆ ಮನೆ. ಪ್ರಣಾಲಿಯ ನಾಟಕದ ಹೆಸರು ‘ಅವ್ವನ ಸೂಟಿ’, ಅಂದರೆ ಅವ್ವನ ರಜೆ.

ನಾಟಕ ಇಷ್ಟೇ. ಬೆಳಿಗ್ಗೆ ಅವ್ವ ಎದ್ದು, ‘ಇವತ್ತ ನನಗ ಸೂಟಿ’ ಎಂದು ಹೇಳಿ ಕೈಚೀಲ ಹಿಡಿದು ಹೊರಟುಬಿಡುತ್ತಾಳೆ. ಆಮೇಲೆ ಅಪ್ಪ, ಅಜ್ಜಿ, ಇಬ್ಬರು ಮಕ್ಕಳು ಮನೆಯಲ್ಲಿ ಒದ್ದಾಡುತ್ತಾರೆ. ಉಪ್ಪು ಸಿಗುವುದಿಲ್ಲ, ಕಡ್ಡಿಪೆಟ್ಟಿಗೆ ಸಿಗುವುದಿಲ್ಲ, ಹಾಲು ಉಕ್ಕುತ್ತದೆ. ಪ್ರತಿ ಸಲವೂ ಯಾರಾದರೊಬ್ಬರು ಅಭ್ಯಾಸಬಲದಿಂದ, ಯಾರೂ ಇಲ್ಲದ ಅಡುಗೆಮನೆಯ ಕಡೆ ತಿರುಗಿ ‘ಅವ್ವಾ’ ಅಂತ ಕೂಗುತ್ತಾರೆ. ಸಂಜೆ ಎಲ್ಲರೂ ಬಾಗಿಲಲ್ಲಿ ಕೂತು ಬಸ್ಸಿನ ದಾರಿ ನೋಡುತ್ತಾರೆ. ಬಸ್ ಬರುತ್ತದೆ. ಅದರಿಂದ ಅವ್ವ ಇಳಿಯುವುದಿಲ್ಲ. ಪರದೆ.

ನಾನು ಇಷ್ಟು ವರ್ಷಗಳಲ್ಲಿ ನೋಡಿದ ನಾಟಕಗಳಲ್ಲೇ ಅದು ಒಳ್ಳೆಯದು. ಒಬ್ಬರೂ ಸತ್ತಿರಲಿಲ್ಲ.

ಪಾಯಪ್ಪನವರು ಒಂದು ದಿನ ತಾಲೀಮು ನೋಡಲು ಬಂದರು. ಹಾಲು ಉಕ್ಕಿದಾಗ ಚಪ್ಪಾಳೆ ತಟ್ಟಿ ನಕ್ಕರು. ಕೊನೆಗೆ ಅವ್ವ ಬರಲಿಲ್ಲ ಎಂದಾಗ ಅವರ ಮುಖ ಸಣ್ಣದಾಯಿತು.

‘ಏನ್ರಿ ಬಾಯಾರ ಇದು? ತಾಯಿ ಮನೀಗೆ ಬರದ ನಾಟಕ ಎಲ್ಲ್ಯಾರೆ ನೋಡೀರೇನು? ಸಾಹೇಬ್ರು ಹೆಂಡ್ತಿ ಕರ್ಕೊಂಡ ಬರಾಕತ್ತಾರ. ಕಡೀಕ ಆಕಿ ಬಂದು, ಮನೀನ ಚೊಲೋ ಅಂತ ಒಂದು ಮಾತು ಹೇಳಿಬಿಟ್ರ ಮುಗೀತು.’

‘ಬರೆದಾಕಿನ್ನ ಕೇಳ್ರಿ’ ಅಂದೆ.

ಪದ್ಧತಿ ಅವರಿಗೂ ಗೊತ್ತಿತ್ತು. ಇಸ್ತ್ರಿ ಮಾಡಿದ ಧೋತರ ಸರಿ ಮಾಡಿಕೊಂಡು, ಗೋಡೆ ಹಿಡಿದು ಮೆಲ್ಲಗೆ ಪ್ರಣಾಲಿಯ ಎದುರು ನೆಲದ ಮೇಲೆ ಕೂತರು.

‘ತಂಗೀ, ಅವ್ವ ಖರೇನ ಮನೀಗೆ ಬರ್ತಾಳಿಲ್ಲ?’

‘ಬರ್ತಾಳ್ರಿ.’

‘ಹಂಗಾದ್ರ ಅದನ್ನ ತೋರಸವಾ.’

‘ಅದು ಮರುದಿನದ್ರಿ. ನಾಟಕ ಒಂದ ದಿನದ್ದು.’

‘ಸಂಜೀಕ ಬರ್ಲಿ, ಏನಾತು?’

‘ಸೂಟಿ ಅಂದ್ರ ಪೂರಾ ಸೂಟಿರಿ. ನಮಗ ರವಿವಾರ ಸಂಜೀಕ ಸಾಲಿಗೆ ಬಾ ಅಂತಾರೇನ್ರಿ?’

ಪಾಯಪ್ಪನವರು ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವಳೇ ಸ್ವಲ್ಪ ಯೋಚಿಸಿ, ಅವರನ್ನು ಸಮಾಧಾನ ಮಾಡುವ ಹಾಗೆ, ‘ಬೇಕಾದ್ರ ನೀವ ಒಂದು ಬ್ಯಾರೆ ನಾಟಕ ಬರೀರಿ ಅಜ್ಜಾರ. ಅದ್ರಾಗ ಅವ್ವ ಬರ್ಲಿ. ನಾ ಪಾರ್ಟ್ ಮಾಡ್ತೀನಿ’ ಅಂದಳು. ಮುದುಕರು ನಕ್ಕುಬಿಟ್ಟರು. ಆದರೆ ಕಾರಿನ ತನಕ ಬಿಡಲು ಹೋದ ನನಗೆ ಮೆತ್ತಗೆ ಹೇಳಿದರು: ‘ಆ ಹಾಲ್ ಸಿಕ್ರ ಇಷ್ಟೂ ಮಕ್ಕಳು ಮಳ್ಯಾಗ ತೋಯೂದು ತಪ್ಪತೈತಿ. ನೀವ್ ಹೇಳಿದ್ರ ಆಕಿ ಕೇಳ್ತಾಳ. ವಿಚಾರ ಮಾಡ್ರಿ.’ ಹೊತ್ತು ಇಳಿಯುತ್ತಿತ್ತು, ಊಟದ ಡಬ್ಬಿ ತೆಗೆಯಲು ಕಾರು ಹತ್ತಿದರು.

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು ನನ್ನದು. ಪಾಯಪ್ಪನವರು ಕೆಟ್ಟದ್ದನ್ನೇನೂ ಕೇಳಿರಲಿಲ್ಲ. ಸೋರದ ಒಂದು ಸೂರು ಕೇಳಿದ್ದರು, ಅದೂ ಮಕ್ಕಳಿಗಾಗಿ. ನಾನು ಒಂದು ಮಾತು ಹೇಳಿದ್ದರೆ ಪ್ರಣಾಲಿ ಕೇಳುತ್ತಿದ್ದಳು ಎಂಬುದೂ ನಿಜ. ನಮ್ಮ ಕೆಲಸದ ಅಪಾಯ ಇರುವುದೇ ಇಲ್ಲಿ. ಮಕ್ಕಳು ನಮ್ಮ ಮೇಲಿನ ಪ್ರೀತಿಗೆ ಏನನ್ನು ಬೇಕಾದರೂ ಅಳಿಸಿ ಹಾಕುತ್ತಾರೆ.

ಮರುದಿನ ನಾನೂ ಅವಳೆದುರು ಕೂತೆ. ಬದಲಿಸು ಅನ್ನಲಿಲ್ಲ. ‘ಯಾಕವಾ, ಆಕಿ ಬರಬಾರದು ಅಂತ ಅಷ್ಟ್ಯಾಕ ಹಠ?’ ಅಂದೆ.

ಅವಳು ಜಡೆಯ ರಿಬ್ಬನ್ ಸುತ್ತುತ್ತಾ ಕೂತಿದ್ದು, ಆಮೇಲೆ ಹೇಳಿದಳು: ‘ನಮ್ಮವ್ವ ನೋಡಾಕ ಬರ್ತಾಳ್ರಿ ಬಾಯಾರ. ಆಕಿ ಒಂದ ದಿನಾನೂ ಸೂಟಿ ತಗೊಂಡಿಲ್ಲ. ಹೆಂಗಿರತೈತಿ ಅಂತ ಒಮ್ಮಿ ನೋಡ್ಲಿ ಅಂತ. ನಾಟಕದಾಗೂ ಸಂಜೀಕ ಬಂದು ಒಲಿ ಹಚ್ಚಿದ್ರ, ನೋಡಿ ಏನ ಮಾಡೂದೈತ್ರಿ?’

ನನ್ನ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಡಲಿಕ್ಕೆ ಚುರಮರಿ ಕಲಸಲು ಎದ್ದೆ. ಸಂಜೆ ಪಾಯಪ್ಪನವರಿಗೆ ಫೋನ್ ಮಾಡಿ, ‘ನಾಟಕ ಬರೆದಂಗ ಆಗ್ತದ್ರಿ’ ಅಂತ ಹೇಳಿದೆ. ಅವರು ‘ಆಗ್ಲಿ’ ಅಂದರು. ಸಿಟ್ಟು ಮಾಡಿಕೊಳ್ಳಲಿಲ್ಲ. ಆ ‘ಆಗ್ಲಿ’ಗೆ ನಾನು ಅವರಿಗೆ ಯಾವತ್ತೂ ಋಣಿ.

ಪ್ರದರ್ಶನ ಶನಿವಾರ ಸಂಜೆ, ಶಾಲೆಯ ಅಂಗಳದಲ್ಲಿ. ಸಾಹೇಬರು ಹೆಂಡತಿಯ ಜೊತೆ ಮೊದಲ ಸಾಲಿನಲ್ಲಿ. ಪ್ರಣಾಲಿ ಮೂರನೇ ಸಾಲಿನಲ್ಲಿ ಎಣ್ಣೆ ಹಚ್ಚಿ ಬಿಗಿದ ಜಡೆಗಳ ಜೊತೆ ನೆಟ್ಟಗೆ ಕೂತಿದ್ದಳು. ಮಂಗಲಾ ಎಲ್ಲಕ್ಕೂ ಹಿಂದೆ, ಗೇಟಿನ ಹತ್ತಿರ, ಕುರ್ಚಿಯ ತುದಿಯಲ್ಲಿ. ಯಾವ ಗಳಿಗೆಯಲ್ಲಿ ಬೇಕಾದರೂ ಎದ್ದು ಹೋಗಿ ಹಿಟ್ಟು ನಾದಲು ತಯಾರಾಗಿ ಕೂತ ಹಾಗಿತ್ತು. ತಂದೆ ಟೆಂಪೋ ಓಡಿಸುವವರು, ಅವರು ಗೋಡೆಗೆ ಒರಗಿ ನಿಂತಿದ್ದರು.

ಈಗಿನ ತಾಯಿತಂದೆಯರು ಮಕ್ಕಳ ನಾಟಕವನ್ನು ಮೊಬೈಲಿನೊಳಗೇ ನೋಡುತ್ತಾರೆ. ಶುರುವಾಗುವ ಮುನ್ನ ನಾನು ಮೈಕಿನಲ್ಲಿ, ‘ಫೋನ್ ಒಳಗ ಇಡ್ರಿ, ಕಣ್ಣಿಲೆ ನೋಡ್ರಿ’ ಅಂತ ಗದರಿಸಿದೆ. ಸಾಹೇಬರೂ ಫೋನ್ ಕಿಸೆಗೆ ಹಾಕಿದರು. ನೀವೂ ಗದರಿಸಬೇಕು. ನಾಚಿಕೆ ಪಡಬೇಡಿ.

ಅವ್ವನ ಪಾತ್ರ ಸಮರ್ಥ ಎಂಬ ಹುಡುಗನದು. ಸೀರೆ ಉಟ್ಟು, ಕೈಚೀಲ ಹಿಡಿದು ಮೊದಲ ದೃಶ್ಯದಲ್ಲಿ ಹೊರಟುಹೋದರೆ ಅವನ ಕೆಲಸ ಮುಗಿಯಿತು. ಉಳಿದಷ್ಟೂ ಹೊತ್ತು ಪರದೆಯ ಹಿಂದೆ ನನ್ನ ಪಕ್ಕ ನಿಂತಿದ್ದ. ಮನೆಯ ಚಿಕ್ಕ ಮಗುವಿನ ಪಾತ್ರ ಮಾಡಿದವನು ಅವನ ಸ್ವಂತ ತಮ್ಮ, ಒಂದನೇ ಇಯತ್ತೆ. ನಾಟಕ ಹೂವಿನ ಸರ ಎತ್ತಿದಂತೆ ಸಾಗಿತು. ಉಪ್ಪು ಹುಡುಕುವಾಗ ಜನ ನಕ್ಕರು, ಹಾಲು ಉಕ್ಕಿದಾಗ ಹೆಂಗಸರು ಜೋರಾಗಿ ನಕ್ಕರು. ಕೊನೆಗೆ ಬಸ್ ಬಂತು. ಅವ್ವ ಇಳಿಯಲಿಲ್ಲ. ಚಿಕ್ಕವನು ‘ಅವ್ವಾ’ ಅಂತ ಒಮ್ಮೆ ಕರೆಯಬೇಕಿತ್ತು, ಕರೆದ. ಕರೆದವನಿಗೆ ಏನಾಯಿತೋ, ಅಷ್ಟು ಜನ ಸುಮ್ಮನೆ ತನ್ನನ್ನೇ ನೋಡುತ್ತಿರುವುದು ಕಂಡಿತೋ ಏನೋ, ನಿಜವಾಗಿಯೇ ಅಳತೊಡಗಿದ. ಬಿಕ್ಕಿ ಬಿಕ್ಕಿ ಅಳು.

ನನ್ನ ಪಕ್ಕದಲ್ಲಿದ್ದ ಸಮರ್ಥ ಅದನ್ನು ತಡೆಯದಾದ. ನಾನು ಕೈ ಹಿಡಿಯುವಷ್ಟರಲ್ಲಿ ಸೀರೆ ಎತ್ತಿ ಹಿಡಿದುಕೊಂಡು ರಂಗದ ಮೇಲೆ ಓಡಿ, ಕೈಲಿದ್ದ ಚೀಲ ಬಿಸಾಕಿ ತಮ್ಮನನ್ನು ಎತ್ತಿಕೊಂಡ.

ಅವ್ವ ಮನೆಗೆ ಬಂದುಬಿಟ್ಟಿದ್ದಳು. ಅಂಗಳವೆಲ್ಲ ಚಪ್ಪಾಳೆ. ಸಾಹೇಬರು ಚಪ್ಪಾಳೆ, ಅವರ ಹೆಂಡತಿ ಚಪ್ಪಾಳೆ. ಪಾಯಪ್ಪನವರಂತೂ ಎದ್ದೇ ನಿಂತರು. ಹಿಂದೆ ಮಂಗಲಾ ಕೂಡ ಸೆರಗು ಸರಿ ಮಾಡಿಕೊಂಡು ಎದ್ದಳು, ನಾಟಕ ಮುಗಿಯಿತಲ್ಲ, ಹೋಗಿ ಅಡುಗೆ ನೋಡಬೇಕು. ನಾನು ಪರದೆಯ ಹಗ್ಗ ಹಿಡಿದು ನಿಂತವಳು ಎಳೆಯಬೇಕೋ ಬೇಡವೋ ತಿಳಿಯದೆ ಹಾಗೇ ನಿಂತೆ.

ಆಗ ಮೂರನೇ ಸಾಲಿನಿಂದ ಪ್ರಣಾಲಿ ಎದ್ದಳು. ಸಾಹೇಬರ ಮುಂದಿನಿಂದಲೇ ನಡೆದು ರಂಗ ಹತ್ತಿದಳು. ಚಪ್ಪಾಳೆ ನಿಂತಿತು.

‘ನೀ ಇನ್ನ ಬಂದಿಲ್ಲ’ ಅಂದಳು ಸಮರ್ಥನಿಗೆ.

‘ಇಂವಾ ಖರೇನ ಅಳಾಕತ್ತಾನ, ನೋಡು’ ಅಂದ ಅವನು.

ಪ್ರಣಾಲಿ ಅಳುವ ಹುಡುಗನನ್ನು ನೋಡಿದಳು. ಅವನ ಮೂಗು ಸುರಿಯುತ್ತಿತ್ತು. ಬರೆದವಳು ಯೋಚಿಸುತ್ತಿದ್ದಾಳೆ ಎಂಬುದು ನನಗೆ ಗೊತ್ತಾಯಿತು, ಹಗ್ಗ ಬಿಗಿಯಾಗಿ ಹಿಡಿದುಕೊಂಡೆ. ಅವಳು ಅಪ್ಪನ ಪಾತ್ರದ ಹುಡುಗನ ಕಡೆ ತಿರುಗಿದಳು. ಅವನು ಅಲ್ಲೇ ಹೊಸ್ತಿಲಲ್ಲಿ ಕೈಕಟ್ಟಿ ಕೂತಿದ್ದ.

‘ಏ ಅಪ್ಪಾ, ಸುಮ್ಮ ಯಾಕ ಕುಂತಿ? ನೀ ಎತ್ಕೊ.’

ಹುಡುಗ ಗಾಬರಿಯಿಂದ ಎದ್ದು ಚಿಕ್ಕವನನ್ನು ತೆಗೆದುಕೊಂಡ. ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದ, ನಿಜವಾದ ಅಪ್ಪಂದಿರಷ್ಟೇ ಒಡ್ಡೊಡ್ಡಾಗಿ. ಅಜ್ಜಿಯ ಪಾತ್ರದವಳು ಹೇಳಿಕೊಡದಿದ್ದರೂ ತನ್ನ ಸೆರಗಿನಿಂದ ಅವನ ಮೂಗು ಒರೆಸಿದಳು. ಅಳು ನಿಂತಿತು. ಪ್ರಣಾಲಿ ಸಮರ್ಥನ ಕೈಗೆ ಚೀಲ ಕೊಟ್ಟು, ‘ಹೋಗಿನ್ನ, ನಿನ್ನ ಸೂಟಿ ಮುಗದಿಲ್ಲ’ ಅಂದಳು. ಅವನು ಹೋದ. ಅವಳು ಇಳಿದು ತನ್ನ ಜಾಗದಲ್ಲಿ ಹೋಗಿ ಕೂತ ಮೇಲೆ ನಾನು ಪರದೆ ಎಳೆದೆ.

ಜನ ನಕ್ಕರು, ಆಮೇಲೆ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಸಾಹೇಬರ ಹೆಂಡತಿ ಗಂಡನ ಕಿವಿಯಲ್ಲಿ ಏನೋ ಹೇಳಿದರು. ಏನೆಂದು ನನಗೆ ತಿಳಿಯದು, ಹಾಲ್ ಸಿಗಲು ಆಮೇಲೆ ಒಂದು ಮಳೆಗಾಲವೇ ಕಳೆಯಿತು. ಸರಕಾರಿ ಕೆಲಸ, ಅದರ ಹೊತ್ತಿಗೆ ಅದು ಆಯಿತು. ಇಷ್ಟಂತೂ ನಿಜ, ಅವ್ವ ಬರಲಿಲ್ಲವೆಂದು ಯಾರೂ ಹಾಲ್ ತಪ್ಪಿಸಲಿಲ್ಲ.

ಕುರ್ಚಿ ಎತ್ತಿಡುವಾಗ ನೋಡಿದರೆ ಮಂಗಲಾ ಹೋಗಿರಲಿಲ್ಲ. ಗೇಟಿನ ಹತ್ತಿರ ಕುರ್ಚಿಯಲ್ಲಿ ಈಗ ಪೂರ್ತಿ ಒರಗಿ ಕೂತಿದ್ದಳು. ನಾನು ಹತ್ತಿರ ಹೋದಾಗ, ‘ಬಾಯಾರ, ಆಕಿ ಎಲ್ಲಿಗೆ ಹೋಗಿದ್ಲರಿ?’ ಅಂತ ಕೇಳಿದಳು.

‘ಯಾರು?’

‘ಆ ನಾಟಕದಾಕಿ. ಚೀಲಾ ತಗೊಂಡು ಹೋದ್ಲಲ್ರಿ.’

‘ನಿಮ್ಮ ಮಗಳನ್ನ ಕೇಳ್ರಿ, ಬರೆದಾಕಿ ಆಕಿ.’

ಪ್ರಣಾಲಿ ಅಲ್ಲೇ ಇದ್ದಳು. ತಾಯಿ ಕೇಳಿದಳು. ಮಗಳು ತಲೆ ಅಲ್ಲಾಡಿಸಿದಳು: ‘ನಂಗೂ ಗೊತ್ತಿಲ್ಲ. ಅದನ್ನ ಬರದಿಲ್ಲ. ನೀ ಆದ್ರ ಎಲ್ಲಿ ಹೋಗ್ತಿದ್ದಿ?’

ಮಂಗಲಾ ಬಹಳ ಯೋಚಿಸಲಿಲ್ಲ. ಉತ್ತರ ಎಷ್ಟೋ ವರ್ಷದಿಂದ ತಯಾರಿದ್ದ ಹಾಗಿತ್ತು. ‘ಸಾಂಬ್ರಾಕ್ಕ, ಏರ್‌ಪೋರ್ಟ್ ಕಡೆ’ ಅಂದಳು. ‘ವಿಮಾನ ಕೆಳಗ ಇಳಿಯೂದನ್ನ ಹತ್ರದಿಂದ ನೋಡಬೇಕ ಪೋರಿ. ಮ್ಯಾಲ ಹೋಗೂದ ಅಷ್ಟ ನೋಡೀನಿ.’

‘ನನಗ ಯಾವತ್ತೂ ಹೇಳಿಲ್ಲಲ್ಲ ನೀ!’

‘ಯಾರೂ ಕೇಳಲಿಲ್ಲಲ್ಲ.’

ಗೋಡೆಗೆ ಒರಗಿದ್ದ ಗಂಡ ಟೆಂಪೋದ ಚಾವಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದರು.

ಸೋಮವಾರ ಪ್ರಣಾಲಿ ತರಗತಿಗೆ ಬಂದಳು. ಚುರಮರಿ ತಿನ್ನುತ್ತಾ ಸುದ್ದಿ ಹೇಳಿದಳು. ರವಿವಾರ ಖಾನಾವಳಿಗೆ ರೊಟ್ಟಿ ಹೋಗಿರಲಿಲ್ಲ. ತಾಯಿ ಮಗಳು ಬಸ್ಸಿನಲ್ಲಿ ಬೆಳಗಾವಿಗೆ, ಅಲ್ಲಿಂದ ಸಿಟಿ ಬಸ್ಸಿನಲ್ಲಿ ಸಾಂಬ್ರಾಕ್ಕೆ ಹೋಗಿದ್ದರು. ಅಪ್ಪ ಮನೆಯಲ್ಲಿ ಅನ್ನ ಮಾಡಿಟ್ಟಿದ್ದರಂತೆ, ಸಾರು ಇರಲಿಲ್ಲವಂತೆ. ಇವರಿಬ್ಬರೂ ರಸ್ತೆಯ ಬದಿ ಬೇಲಿಯ ಹತ್ತಿರ ಬಿಸಿಲಲ್ಲಿ ಕಾಯುತ್ತಾ ನಿಂತರು. ಕೊನೆಗೂ ಒಂದು ವಿಮಾನ ತಲೆಯ ಮೇಲೇ ಬಂದು ಇಳಿಯಿತು.

‘ನೋಡಿ ಏನಂದ್ಲು ನಿಮ್ಮವ್ವ?’ ಅಂದೆ.

‘ಹೊತ್ತಾತು, ಮನೀಗೆ ಹೋಗೂಣು ನಡಿ ಅಂತ ನಾನ ಅಂದ್ನಿ. ಬರವಲ್ಲಳ್ರಿ ಆಕಿ. ಬೇಲಿ ಹಿಡ್ಕೊಂಡ ನಿಂತು, ‘ತಡಿ, ಇನ್ನೊಂದು ಬರ್ಲಿ’ ಅಂತಾಳ.’